ಮರ ಬೇಕಿರುವುದು ಹುಡುಕುವುದಕ್ಕಲ್ಲ

ಪೈಥಾನ್ ಕಲಿತವರಿಗೆ ಡಿಕ್ಷನರಿ ಹೆಗಲ ಮೇಲಿನ ಚೀಲದಷ್ಟು ಸಲೀಸು. ಹೆಸರು ಹೇಳಿದರೆ ವಸ್ತು ಕೈಗೆ ಬರುತ್ತದೆ. ಒಳಗೆ ಹತ್ತೇ ಇರಲಿ, ಹತ್ತು ಲಕ್ಷ ಇರಲಿ, ಹೆಚ್ಚುಕಡಿಮೆ ಅಷ್ಟೇ ಹೊತ್ತು. ಹೀಗಿದ್ದೂ ಆಬ್ಜೆಕ್ಟ್ ಡೇಟಾಬೇಸಿನ ಕೈಪಿಡಿಗಳು ದೊಡ್ಡ ಸಂಗ್ರಹ ಬಂದಾಗ ಡಿಕ್ಷನರಿ ಬಿಡಿ, ಬಿ-ಟ್ರೀ ಹಿಡಿಯಿರಿ ಎಂದು ಯಾಕೆ ಪಟ್ಟು ಹಿಡಿಯುತ್ತವೆ? ಈ ಅಂಕಣಕ್ಕೆ ತಿರುಗಿ ತಿರುಗಿ ಬರುವ ಪ್ರಶ್ನೆ ಇದು. ‘ಮರದಲ್ಲಿ ಬೇಗ ಹುಡುಕಬಹುದು’ ಎನ್ನುವ ಪಠ್ಯಪುಸ್ತಕದ ಉತ್ತರ ಇಲ್ಲಿ ನಿಲ್ಲುವುದಿಲ್ಲ. ಎಲ್ಲವೂ ಮೆಮೊರಿಯಲ್ಲೇ ಇದ್ದರೆ ಒಂದು ಹೆಸರನ್ನು ಹುಡುಕುವ ಪಂದ್ಯದಲ್ಲಿ ಮರ ಡಿಕ್ಷನರಿಯ ಮುಂದೆ ಸೋಲುತ್ತದೆ. ನಾನು ಹೇಳಹೊರಟಿರುವುದು ಬೇರೆ: ಆಬ್ಜೆಕ್ಟ್ ಡೇಟಾಬೇಸಿನಲ್ಲಿ ಮರದ ಮೊದಲ ಕೆಲಸ ಹುಡುಕುವುದಲ್ಲ, ಸಂಗ್ರಹವನ್ನು ಒಡೆಯುವುದು. ಒಮ್ಮೆಗೆ ಡಿಸ್ಕಿಗೆ ಬರೆಯುವ ತುಂಡು ಎಷ್ಟಿರಬೇಕು, ಒಮ್ಮೆಗೆ ಮೆಮೊರಿಗೆ ತರುವ ತುಂಡು ಎಷ್ಟಿರಬೇಕು, ಇಬ್ಬರು ಒಟ್ಟಿಗೆ ಕೈಹಾಕಿದರೆ ಜಗಳವಾಗುವ ತುಂಡು ಎಷ್ಟಿರಬೇಕು, ಈ ಮೂರೂ ಅಲ್ಲಿಯೇ ತೀರ್ಮಾನವಾಗುತ್ತವೆ.

ಮಾತು ಗಾಳಿಗೆ ಹೋಗದಿರಲೆಂದು ಒಂದೇ ಡೇಟಾಬೇಸನ್ನು ಮುಂದಿಟ್ಟುಕೊಳ್ಳೋಣ. ಝೋಪ್ ಆಬ್ಜೆಕ್ಟ್ ಡೇಟಾಬೇಸ್, ಚಿಕ್ಕದಾಗಿ ಝಡ್‌ಒಡಿಬಿ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಡಿಜಿಟಲ್ ಕ್ರಿಯೇಷನ್ಸ್ ಕಂಪನಿಯಲ್ಲಿ ಜಿಮ್ ಫುಲ್ಟನ್ ಇದನ್ನು ಪೈಥಾನಿಗಾಗಿ ಕಟ್ಟಿದರು. ಪ್ಲೋನ್ ಎಂಬ ಜಾಲತಾಣ ನಿರ್ವಹಣೆಯ ತಂತ್ರಾಂಶ ಇವತ್ತಿಗೂ ಇದರ ಮೇಲೆಯೇ ನಿಂತಿದೆ. ಇಲ್ಲಿ ಕೋಷ್ಟಕಗಳಿಲ್ಲ, ಎಸ್‌ಕ್ಯುಎಲ್ ಇಲ್ಲ. ಪ್ರೋಗ್ರಾಮಿನ ವಸ್ತುಗಳನ್ನು ಮಾಮೂಲಿನಂತೆ ಬದಲಾಯಿಸಿ, ಕೊನೆಗೆ ಕಮಿಟ್ ಎಂದರೆ ಸಾಕು. ಯಾವುದು ಬದಲಾಯಿತೋ ಅದನ್ನು ಡೇಟಾಬೇಸೇ ಗುರುತಿಸಿ ಬರೆದಿಡುತ್ತದೆ. ಈ ಸುಖದ ಹಿಂದೆ ಒಂದು ಕರಾರಿದೆ. ಡೇಟಾಬೇಸಿಗೆ ಕಾಣುವುದು ವಸ್ತುಗಳು ಮಾತ್ರ; ವಸ್ತುವಿನ ಒಳಗೆ ಯಾವ ಮೂಲೆ ಬದಲಾಯಿತು ಎಂಬುದು ಕಾಣುವುದಿಲ್ಲ. ಬದಲಾಗಿದ್ದರೆ ಇಡೀ ವಸ್ತುವನ್ನೇ ಮತ್ತೆ ಬರೆಯುತ್ತದೆ.

ವಸ್ತುವನ್ನು ಬೈಟುಗಳಾಗಿ ಒತ್ತಿಡುವ ಈ ಕೆಲಸಕ್ಕೆ ಪೈಥಾನಿನಲ್ಲಿ ಪಿಕಲ್ ಎಂದೇ ಹೆಸರು. ಉಪ್ಪಿನಕಾಯಿಯ ಹೆಸರು ಇಲ್ಲಿ ಚೆನ್ನಾಗಿಯೇ ಒಪ್ಪುತ್ತದೆ: ಜಾಡಿಯಲ್ಲಿ ಒಂದು ಹೋಳು ಬದಲಾದರೂ ಇಡೀ ಜಾಡಿಯನ್ನೇ ಹೊಸದಾಗಿ ಹಾಕಬೇಕು. ಅದೂ ಹಳೆಯ ಜಾಡಿಯನ್ನು ಎಸೆಯದೆ. ಝಡ್‌ಒಡಿಬಿಯ ಸಾಮಾನ್ಯ ಕಡತ ಮಂಡಿ ಅಂಗಡಿಯ ಕೀರ್ದಿ ಪುಸ್ತಕದಂಥದ್ದು. ಹಿಂದಿನ ಪುಟವನ್ನು ತಿದ್ದುವಂತಿಲ್ಲ, ಹೊಸದೆಲ್ಲ ಕೊನೆಗೇ ಸೇರಬೇಕು, ಹಳೆಯದನ್ನು ಆಮೇಲೊಮ್ಮೆ ಪ್ಯಾಕ್ ಮಾಡಿ ಕಳೆಯಬೇಕು. ಈಗ ಒಂದು ಲಕ್ಷ ಸದಸ್ಯರ ವಿವರವನ್ನು ಒಂದೇ ಡಿಕ್ಷನರಿಯಲ್ಲಿ ಇಟ್ಟಿದ್ದೀರಿ, ಒಬ್ಬೊಬ್ಬರದು 100 ಬೈಟು ಎಂದುಕೊಳ್ಳಿ. ಜಾಡಿಯ ತೂಕ ಒಂದು ಕೋಟಿ ಬೈಟು, ಸುಮಾರು 10 ಮೆಗಾಬೈಟು. ಒಬ್ಬರ ಫೋನ್ ನಂಬರು ಬದಲಾದರೆ ಕಡತಕ್ಕೆ ಮತ್ತೆ 10 ಮೆಗಾಬೈಟು ಸೇರುತ್ತದೆ. ದಿನದಲ್ಲಿ ನೂರು ಮಂದಿ ಒಂದೊಂದು ಸಲ ಬದಲಾಯಿಸಿದರೆ ಸಂಜೆಯ ಹೊತ್ತಿಗೆ ಒಂದು ಗಿಗಾಬೈಟು. ಬದಲಾದ ಮಾಹಿತಿ ಒಟ್ಟು ಹತ್ತು ಸಾವಿರ ಬೈಟೂ ಇಲ್ಲ. ಹುಡುಕಾಟದ ವೇಗಕ್ಕೂ ಈ ನಷ್ಟಕ್ಕೂ ಸಂಬಂಧವೇ ಇಲ್ಲ ಎಂಬುದನ್ನು ಗಮನಿಸಿ. ಡಿಕ್ಷನರಿ ಆ ಸದಸ್ಯರನ್ನು ಕಣ್ಣುರೆಪ್ಪೆ ಹೊಡೆಯುವುದರೊಳಗೆ ಹುಡುಕಿಯೇ ಕೊಟ್ಟಿತ್ತು.

ಹಾಗಾದರೆ ಒಡೆಯಬೇಕು. ಕೈಯಾರೆ ಒಡೆದರಾಗದೆ, ಮೊದಲಕ್ಷರಕ್ಕೊಂದು ಡಿಕ್ಷನರಿ ಮಾಡಿದರಾಗದೆ ಎಂದು ಕೇಳಬಹುದು. ಮಾಡಿ ನೋಡಿ: ‘ಕ’ ಮತ್ತು ‘ಸ’ ಬಿರಿಯುವಷ್ಟು ತುಂಬುತ್ತವೆ, ‘ಙ’ ಎಂದೆಂದಿಗೂ ಖಾಲಿ. ಎಲ್ಲಿ ಭಾರ ಬೀಳುತ್ತದೆಂದು ಮೊದಲೇ ಊಹಿಸುವುದು ನಮ್ಮ ಕೈಲಾಗದ ಕೆಲಸ; ಭಾರ ಬಿದ್ದಲ್ಲಿ ತಾನೇ ಸೀಳಿಕೊಳ್ಳುವ ರಚನೆ ಬೇಕು. ಬಿ-ಟ್ರೀ ಅಂಥದ್ದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನು ನೆನೆದುಕೊಳ್ಳಿ. ಪದ ಹುಡುಕುವವರು ಎಂಟನ್ನೂ ತೆರೆಯುವುದಿಲ್ಲ, ಯಾವ ಸಂಪುಟ ಎಲ್ಲಿಂದ ಎಲ್ಲಿಯವರೆಗೆ ಎಂದು ಬೆನ್ನಿನ ಮೇಲೆ ನೋಡಿ ಒಂದನ್ನು ಇಳಿಸಿಕೊಳ್ಳುತ್ತಾರೆ. ಮರದ ಮೇಲಿನ ಗೆಣ್ಣುಗಳಲ್ಲಿ ಇರುವುದು ಇಂಥ ಬೆನ್ನಬರಹ ಮಾತ್ರ. ನಿಜವಾದ ಸರಕೆಲ್ಲ ತುದಿಯ ಬಕೆಟ್‌ಗಳಲ್ಲಿ ಇರುತ್ತದೆ, ಪ್ರತಿ ಬಕೆಟ್ ತನ್ನ ಮುಂದಿನದರ ಕೈ ಹಿಡಿದಿರುತ್ತದೆ. ಝಡ್‌ಒಡಿಬಿಯಲ್ಲಿ ಕೀ (ಹುಡುಕುವ ಹೆಸರು) ಮತ್ತು ಮೌಲ್ಯ (ಅದಕ್ಕೆ ಸಿಗುವ ವಸ್ತು) ಎರಡೂ ಮಾಮೂಲಿ ಆಬ್ಜೆಕ್ಟ್‌ಗಳಾಗಿರುವ ಮರದ ಬಕೆಟಿನಲ್ಲಿ 30 ಕೀಗಳವರೆಗೆ ಹಿಡಿಯುತ್ತವೆ, ಮೇಲಿನ ಗೆಣ್ಣಿಗೆ 250 ಮಕ್ಕಳವರೆಗೆ. ಮೀರಿದರೆ ಸೀಳಿ ಎರಡಾಗುತ್ತದೆ. ಎರಡು ಹಂತದ ಗೆಣ್ಣು, ಕೆಳಗೆ ಬಕೆಟ್ ಎಂದರೆ ತುಂಬಿದಾಗ 18,75,000 ನಮೂದು; ಎಲ್ಲ ಕಡೆ ಅರ್ಧವೇ ತುಂಬಿದ್ದರೂ 2,34,375. ನಮ್ಮ ಒಂದು ಲಕ್ಷ ಸದಸ್ಯರು ಅಷ್ಟರೊಳಗೆ ಆರಾಮಾಗಿ ಕುಳಿತರು. ಫೋನ್ ನಂಬರು ಬದಲಾದಾಗ ಈಗ ಬರೆಯಬೇಕಾದದ್ದು ಒಂದೇ ಬಕೆಟ್, ಹೆಚ್ಚೆಂದರೆ 3,000 ಬೈಟು.

ಒಂದೇ ಬಕೆಟ್ ಎಂದದ್ದನ್ನು ಅಕ್ಷರಶಃ ತೆಗೆದುಕೊಳ್ಳಿ, ಏಕೆಂದರೆ ಎಲ್ಲ ಮರಗಳಿಗೂ ಆ ಭಾಗ್ಯವಿಲ್ಲ. ಕೌಚ್‌ಡಿಬಿ ಕೂಡ ಕೊನೆಗೇ ಬರೆಯುವ ಜಾತಿಯದು. ಅಲ್ಲಿ ತುದಿಯ ಎಲೆಯೊಂದು ಬದಲಾದರೆ ಅದು ಕಡತದ ಹೊಸ ಜಾಗಕ್ಕೆ ಹೋಗುತ್ತದೆ, ಆ ಹೊಸ ಜಾಗವನ್ನು ತಾಯಿಗೆಣ್ಣು ಬರೆದುಕೊಳ್ಳಬೇಕು, ಆಗ ತಾಯಿಯೂ ಹೊಸ ಜಾಗಕ್ಕೆ, ಹೀಗೆ ಬೇರಿನವರೆಗೂ ದಾರಿಯುದ್ದಕ್ಕೂ ಬರೆಯಬೇಕಾಗುತ್ತದೆ. ಝಡ್‌ಒಡಿಬಿಯ ಗೆಣ್ಣುಗಳು ಮಕ್ಕಳನ್ನು ಜಾಗದಿಂದ ಗುರುತಿಸುವುದಿಲ್ಲ, 8 ಬೈಟಿನ ಓಐಡಿ ಎಂಬ ಗುರುತಿನ ಸಂಖ್ಯೆಯಿಂದ ಗುರುತಿಸುತ್ತವೆ. ಮಗು ಮನೆ ಬದಲಾಯಿಸಿದರೂ ಹೆಸರು ಅದೇ. ತಾಯಿಗೆ ಸುದ್ದಿ ಮುಟ್ಟಿಸುವ ಅಗತ್ಯವಿಲ್ಲ. ಬಕೆಟ್ ಸೀಳಿದಾಗ ಮಾತ್ರ ಮೇಲಿನವರಿಗೆ ಕೆಲಸ. ಯಾವ ಓಐಡಿ ಕಡತದ ಯಾವ ಜಾಗದಲ್ಲಿದೆ ಎಂಬ ಪಟ್ಟಿಯನ್ನು ಯಾರೋ ಇಟ್ಟುಕೊಳ್ಳಲೇಬೇಕಲ್ಲ? ಕಡತದ ಜೊತೆಗಿರುವ ಸೂಚಿ ಅದನ್ನು ಇಟ್ಟುಕೊಳ್ಳುತ್ತದೆ, ಮತ್ತು ಆ ಸೂಚಿಯೂ ಒಳಗೆ ಒಂದು ಬಿ-ಟ್ರೀಯೇ. 8 ಬೈಟನ್ನು ಮೊದಲ 6, ಕೊನೆಯ 2 ಎಂದು ಒಡೆದು ಕಟ್ಟಿದ್ದು.

ಒಡೆಯುವುದೇ ಮುಖ್ಯ ಎಂಬ ಮಾತಿಗೆ ಇನ್ನೊಂದು ಸಾಕ್ಷಿ ಬಿ-ಟ್ರೀಯ ಹುಟ್ಟಿನಲ್ಲೇ ಇದೆ. ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್‌ಕ್ರೈಟ್ ಬೋಯಿಂಗ್ ಸಂಶೋಧನಾಲಯದಲ್ಲಿದ್ದಾಗ ಇದನ್ನು ರೂಪಿಸಿದರು. ಪ್ರಬಂಧ ನಿಯತಕಾಲಿಕದಲ್ಲಿ ಅಚ್ಚಾದದ್ದು 1972ರಲ್ಲಿ. (ಬಿ ಎಂದರೆ ಬೇಯರೋ, ಬೋಯಿಂಗೋ, ಬ್ಯಾಲೆನ್ಸೋ, ಅವರು ಬಿಡಿಸಿ ಹೇಳಲಿಲ್ಲ.) ಅವರ ಎದುರಿಗಿದ್ದದ್ದು ತಿರುಗುವ ಡಿಸ್ಕು. ಅದರಿಂದ ಒಂದು ಪುಟ ತರುವುದೇ ದುಬಾರಿ. ತಂದ ಪುಟದಲ್ಲಿ ಆದಷ್ಟು ಕೀ ತುಂಬಿರಲಿ ಎಂಬ ಲೆಕ್ಕ. ಆ ಮರದ ಗೆಣ್ಣಿನ ಅಳತೆ ಡಿಸ್ಕಿನ ಪುಟದ ಅಳತೆ. ಝಡ್‌ಒಡಿಬಿಯ ಬಕೆಟ್‌ಗೆ ಬೈಟಿನ ಅಳತೆಯೇ ಇಲ್ಲ, ಇರುವುದು ತಲೆ ಎಣಿಕೆ: ಆಬ್ಜೆಕ್ಟ್‌ಗಳಾದರೆ 30, ಕೀ ಮತ್ತು ಮೌಲ್ಯ ಎರಡೂ ಪೂರ್ಣಾಂಕಗಳಾದರೆ 120. ಡಿಸ್ಕಿನ ಪುಟಕ್ಕೂ ಇದಕ್ಕೂ ನೇರ ನಂಟಿಲ್ಲ. ಅದೇ ಹೆಸರು, ಅದೇ ಆಕಾರ, ಕೆಲಸ ಮಾತ್ರ ಬೇರೆ. ಈ ತಲೆ ಎಣಿಕೆಯಿಂದ ಒಂದು ತೊಡಕೂ ಉಂಟು. ಒಂದೊಂದು ಮೌಲ್ಯವೂ ಉದ್ದುದ್ದ ಲೇಖನವಾಗಿದ್ದು, ಅದನ್ನು ನೇರವಾಗಿ ಬಕೆಟ್‌ಗೆ ತುರುಕಿದರೆ, ಒಂದು ಲೇಖನ ತಿದ್ದಿದಾಗ ಪಕ್ಕದ 29 ಲೇಖನಗಳೂ ಮತ್ತೆ ಕಡತಕ್ಕೆ ಇಳಿಯುತ್ತವೆ. ಮೌಲ್ಯವನ್ನೂ ಸ್ವಂತ ಓಐಡಿ ಇರುವ ವಸ್ತುವಾಗಿಸಿದರೆ ಬಕೆಟಿನಲ್ಲಿ ಅದರ ಗುರುತು ಮಾತ್ರ ಉಳಿಯುತ್ತದೆ. ಸಾಮಾನ್ಯ ಪಟ್ಟಿಯನ್ನು ಬಕೆಟ್‌ಗೆ ಹಾಕಿ, ಆಮೇಲೆ ಆ ಪಟ್ಟಿಗೆ ಮಾತ್ರ ಏನಾದರೂ ಸೇರಿಸುವವರು ಇನ್ನೂ ಕೆಟ್ಟ ಏಟು ತಿನ್ನುತ್ತಾರೆ: ಬಕೆಟ್‌ಗೆ ಬದಲಾವಣೆ ಗೊತ್ತೇ ಆಗುವುದಿಲ್ಲ, ಬರೆಯಬೇಕಾದ್ದು ಬರೆಯದೆ ಉಳಿಯುತ್ತದೆ.

ಮೆಮೊರಿಯ ಕಡೆಯ ಲಾಭವನ್ನು ಬೇಗ ಹೇಳಿ ಮುಗಿಸಬಹುದು. ಮರವನ್ನು ತೆರೆದಾಗ ಎಲ್ಲ ಬಕೆಟ್‌ಗಳೂ ಬರುವುದಿಲ್ಲ; ಬರುವುದು ಗೋಸ್ಟ್‌ಗಳು, ಅಂದರೆ ದೆವ್ವಗಳು. ಹೆಸರಿದೆ, ಆಕಾರವಿದೆ, ಒಳಗೆ ಏನೂ ಇಲ್ಲ. ಮುಟ್ಟಿದಾಗ ಮಾತ್ರ ಒಳಗಿನದು ಡಿಸ್ಕಿನಿಂದ ಬರುತ್ತದೆ. ಒಬ್ಬ ಸದಸ್ಯರಿಗಾಗಿ ಮೂರು ವಸ್ತು ತಂದರೆ ಸಾಕು. ಆದರೆ ಒಡೆದದ್ದಕ್ಕೆ ಬೆಲೆಯೂ ಇಲ್ಲೇ ಕಾಣುತ್ತದೆ. ‘ಒಟ್ಟು ಎಷ್ಟಿವೆ?’ ಎಂಬ ಮುಗ್ಧ ಪ್ರಶ್ನೆಗೆ ಡಿಕ್ಷನರಿ ತಟ್ಟನೆ ಉತ್ತರಿಸುತ್ತದೆ. ಮರ ಒಟ್ಟು ಲೆಕ್ಕವನ್ನು ಎಲ್ಲಿಯೂ ಬರೆದಿಟ್ಟುಕೊಳ್ಳುವುದಿಲ್ಲ. ಪ್ರತಿ ಬಕೆಟನ್ನೂ ಡಿಸ್ಕಿನಿಂದ ಎಬ್ಬಿಸಿ ಎಣಿಸಬೇಕು. ಬರೆದಿಟ್ಟುಕೊಳ್ಳಲು ಏನು ದಾಡಿ ಎಂದರೆ ಉತ್ತರ ಮೂರನೆಯ ತುಂಡಿನಲ್ಲಿದೆ, ಜಗಳದ ತುಂಡಿನಲ್ಲಿ. ನನಗೆ ಮೂರರಲ್ಲಿ ಹೆಚ್ಚು ಸ್ವಾರಸ್ಯ ಕಾಣುವುದು ಇದರಲ್ಲೇ.

ಝಡ್‌ಒಡಿಬಿಯಲ್ಲಿ ಯಾರೂ ಮೊದಲೇ ಬೀಗ ಹಾಕುವುದಿಲ್ಲ. ಪ್ರತಿ ವಹಿವಾಟೂ ತನ್ನ ಪಾಡಿಗೆ ತಾನು ಕೆಲಸ ಮಾಡಿ ಕಮಿಟ್‌ಗೆ ಬರುತ್ತದೆ. ನಡುವೆ ಬೇರೆಯವರು ಅದೇ ವಸ್ತುವನ್ನು ಬದಲಾಯಿಸಿ ಬರೆದಿದ್ದರೆ ಎರಡನೆಯವರಿಗೆ ತಿರಸ್ಕಾರ. ಮೊದಲಿನಿಂದ ಮಾಡಿಕೊಂಡು ಬಾ ಎನ್ನುತ್ತದೆ. ಸದಸ್ಯರೆಲ್ಲ ಒಂದೇ ಡಿಕ್ಷನರಿಯಲ್ಲಿದ್ದರೆ ಬೀದರಿನವರೊಬ್ಬರು, ಚಾಮರಾಜನಗರದವರೊಬ್ಬರು ತಂತಮ್ಮ ಫೋನ್ ನಂಬರು ಬದಲಾಯಿಸಿದರೂ ಡಿಕ್ಕಿ, ಏಕೆಂದರೆ ಡೇಟಾಬೇಸಿಗೆ ಕಂಡದ್ದು ಒಂದೇ ವಸ್ತು. ಮರದಲ್ಲಿ ಅವರಿಬ್ಬರೂ ಬೇರೆ ಬೇರೆ ಬಕೆಟಿನಲ್ಲಿದ್ದರೆ ಡಿಕ್ಕಿಯೇ ಇಲ್ಲ. ಒಂದೇ ಬಕೆಟಿನಲ್ಲಿದ್ದರೂ ಬಕೆಟ್ ರಾಜಿ ಮಾಡಿಸಲು ನೋಡುತ್ತದೆ: ಮೊದಲಿದ್ದ ಸ್ಥಿತಿ, ಮೊದಲು ಬಂದವರು ಬರೆದ ಸ್ಥಿತಿ, ಈಗ ಬಂದವರ ಸ್ಥಿತಿ, ಈ ಮೂರನ್ನೂ ಪಕ್ಕಪಕ್ಕ ಹಿಡಿದು, ಇಬ್ಬರೂ ಬೇರೆ ಬೇರೆ ಕೀ ಮುಟ್ಟಿದ್ದರೆ ಎರಡು ಬದಲಾವಣೆಯನ್ನೂ ಸೇರಿಸಿಬಿಡುತ್ತದೆ. ಒಂದೇ ಕೀಗೆ ಕೈಹಾಕಿದ್ದರೆ, ಅಥವಾ ಅಷ್ಟರಲ್ಲಿ ಬಕೆಟ್ ಸೀಳಿದ್ದರೆ, ರಾಜಿ ಇಲ್ಲ. ಮರ ತನ್ನ ಬೇರಿನಲ್ಲಿ ಒಟ್ಟು ಲೆಕ್ಕ ಬರೆದಿಟ್ಟುಕೊಂಡಿದ್ದರೆ ಏನಾಗುತ್ತಿತ್ತು ಎಂಬುದು ಈಗ ಹೊಳೆಯುತ್ತದೆ. ಪ್ರತಿ ಸೇರ್ಪಡೆಯೂ ಬೇರನ್ನು ಮುಟ್ಟಬೇಕಿತ್ತು. ಒಡೆದು ಗಳಿಸಿದ್ದನ್ನೆಲ್ಲ ಒಂದು ಸಂಖ್ಯೆಗಾಗಿ ಕಳೆದುಕೊಂಡಂತೆ. ಅದಕ್ಕೇ ಲೆಕ್ಕ ಬೇಕಾದವರಿಗೆ ಲೆಂಗ್ತ್ ಎಂಬ ಪುಟ್ಟ ವಸ್ತುವನ್ನು ಹೊರಗೆ ಕೊಟ್ಟಿದ್ದಾರೆ. ಇಬ್ಬರ ಲೆಕ್ಕ ಡಿಕ್ಕಿಯಾದರೆ ಎರಡನ್ನೂ ಕೂಡಿಸಿ ಹಳೆಯದನ್ನು ಕಳೆಯುತ್ತದೆ. 100 ಇತ್ತು, ಒಬ್ಬರು 101 ಎಂದರು, ಇನ್ನೊಬ್ಬರು 103 ಎಂದರು: 101 ಕೂಡಿಸು 103, ಕಳೆ 100, ಅಂದರೆ 104. ಇದು ಝೋಪ್ ಬಳಗದವರ ಚಪಲವಲ್ಲ. ಸ್ಮಾಲ್‌ಟಾಕ್ ಭಾಷೆಯ ಕಡೆಯಿಂದ ಬಂದ ಜೆಮ್‌ಸ್ಟೋನ್ ಎಂಬ ಆಬ್ಜೆಕ್ಟ್ ಡೇಟಾಬೇಸಿನಲ್ಲೂ ಜಗಳ ಕಡಿಮೆ ಮಾಡುವುದಕ್ಕೆಂದೇ ಪ್ರತ್ಯೇಕ ಎಣಿಕೆಗಾರ, ಪ್ರತ್ಯೇಕ ಡಿಕ್ಷನರಿ, ಪ್ರತ್ಯೇಕ ಸರತಿ ಇವೆ. ಬೇರೆ ಭಾಷೆಯ ಬೇರೆ ಜನ ಸಂಗ್ರಹಗಳ ವಿಷಯದಲ್ಲಿ ಇದೇ ತಾಪತ್ರಯಕ್ಕೆ ಬಂದು ನಿಂತರೆಂದರೆ, ತಾಪತ್ರಯ ಹುಡುಕಾಟದ್ದಲ್ಲ.

ಹಾಗೆಂದು ಮರ ಹಾಕಿದ ಮಾತ್ರಕ್ಕೆ ಜಗಳ ಹರಿಯುವುದಿಲ್ಲ. 1, 2, 3 ಎಂದು ಏರುತ್ತ ಹೋಗುವ ಕ್ರಮಸಂಖ್ಯೆಯನ್ನೇ ಕೀ ಮಾಡಿಕೊಂಡರೆ ಹೊಸಬರೆಲ್ಲ ಸೇರುವುದು ಕಟ್ಟಕಡೆಯ ಬಕೆಟಿಗೆ. ಉಳಿದ ಸಾವಿರಾರು ಬಕೆಟ್ ತಣ್ಣಗಿದ್ದು, ಇದೊಂದರ ಬಾಗಿಲಲ್ಲಿ ನೂಕುನುಗ್ಗಲು. ಸಾಲದ್ದಕ್ಕೆ ಅದು ಆಗಾಗ ಸೀಳುತ್ತದೆ, ಸೀಳಿದಾಗ ರಾಜಿಯೂ ನಡೆಯುವುದಿಲ್ಲ, ಸೀಳಿದ ಎಡಭಾಗ ಅರ್ಧ ತುಂಬಿದಂತೆಯೇ ಉಳಿದುಬಿಡುತ್ತದೆ. ಝೋಪ್ ತಂತ್ರಾಂಶದ ಕ್ಯಾಟಲಾಗ್ ಎಂಬ ಸೂಚಿವ್ಯವಸ್ಥೆ ಇದಕ್ಕೆ ಕಂಡುಕೊಂಡ ಉಪಾಯ ಸರಳ: ಎಲ್ಲಿಯೋ ಒಂದು ಸಂಖ್ಯೆಯನ್ನು ಚೀಟಿ ಎತ್ತಿದಂತೆ ಆರಿಸಿಕೊಂಡು, ಅಲ್ಲಿಂದ ಮುಂದೆ ಒಂದೊಂದಾಗಿ ಏರುವುದು. ಪ್ರತಿಯೊಬ್ಬರೂ ಮರದ ಬೇರೆ ಬೇರೆ ಕೊಂಬೆಯ ಮೇಲೆ ಕೆಲಸ ಮಾಡುತ್ತಾರೆ, ಆದರೆ ತಂತಮ್ಮ ಕೊಂಬೆಯಲ್ಲಿ ಅಕ್ಕಪಕ್ಕದ ಸಂಖ್ಯೆಗಳನ್ನೇ ತುಂಬುತ್ತಾರೆ. ಹುಡುಕಾಟವೇ ಉದ್ದೇಶವಾಗಿದ್ದರೆ ಈ ಕಸರತ್ತಿಗೆ ಅರ್ಥವೇ ಇರುತ್ತಿರಲಿಲ್ಲ.

ಒಡೆಯುವುದೇ ಗುರಿಯಾದರೆ ಡಿಕ್ಷನರಿಯ ಒಳಗಿರುವ ಹ್ಯಾಶ್ ಟೇಬಲನ್ನೇ (ಕೀಯಿಂದ ಹ್ಯಾಶ್ ಎಂಬ ಸಂಖ್ಯೆ ಲೆಕ್ಕ ಹಾಕಿ ಗೂಡು ಆರಿಸುವ ರಚನೆ) ತುಂಡು ಮಾಡಬಾರದೇಕೆ, ಮರವೇ ಏಕೆ? ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಇದು. ಸ್ವಲ್ಪ ಸ್ವಲ್ಪವಾಗಿ ಸೀಳಿಕೊಳ್ಳುವ ಹ್ಯಾಶ್ ರಚನೆಗಳು 1979ರಿಂದಲೇ ಇವೆ. ಆದರೆ ಪೈಥಾನಿನಲ್ಲಿ ಒಂದು ತಕರಾರಿದೆ: 2012ರ 3.3ನೇ ಆವೃತ್ತಿಯಿಂದ ಸ್ಟ್ರಿಂಗ್ ಎಂಬ ಅಕ್ಷರಸರಣಿಯ ಹ್ಯಾಶ್ ಬೆಲೆ ಪ್ರತಿ ಸಲ ಪ್ರೋಗ್ರಾಮ್ ಓಡಿಸಿದಾಗಲೂ ಬದಲಾಗುತ್ತದೆ, ಬೇಕೆಂದೇ, ಭದ್ರತೆಗಾಗಿ. ಇವತ್ತು ಹ್ಯಾಶ್ ನೋಡಿ ಏಳನೇ ಗೂಡಿನಲ್ಲಿಟ್ಟದ್ದನ್ನು ನಾಳೆ ಬೇರೆ ಗೂಡಿನಲ್ಲಿ ಹುಡುಕುವಂತಾಗುತ್ತದೆ. ಬದಲಾಗದ ಹ್ಯಾಶನ್ನು ಪ್ರತ್ಯೇಕವಾಗಿ ಬರೆದುಕೊಳ್ಳಬಹುದು, ನಿಜ. ಬರೆದುಕೊಂಡರೂ ಕ್ರಮ ಕೈಬಿಡುತ್ತದೆ, ಕ್ರಮ ಬಿಟ್ಟರೆ ಈ ದಿನಾಂಕದಿಂದ ಆ ದಿನಾಂಕದವರೆಗೆ ಎಂಬ ಪ್ರಶ್ನೆಗೆ ಉತ್ತರ ಕೊಡಲು ಇಡೀ ಸಂಗ್ರಹ ಜಾಲಾಡಬೇಕು. ಎರಡು ಪದಗಳೂ ಇರುವ ಬರಹಗಳನ್ನು ಹುಡುಕುವಾಗಲೂ ಕ್ರಮ ನೆರವಾಗುತ್ತದೆ: ‘ಕಾವೇರಿ’ ಇರುವ ಬರಹಗಳು ಒಂದು ಗಣ, ‘ಅಣೆಕಟ್ಟು’ ಇರುವವು ಇನ್ನೊಂದು. ಎರಡೂ ಏರುಕ್ರಮದಲ್ಲಿದ್ದರೆ ಎರಡು ಬೆರಳಿಟ್ಟು ಒಟ್ಟಿಗೆ ಸರಿಸುತ್ತ ಸಮಾನವಾದವನ್ನು ಆರಿಸಬಹುದು. ಝೋಪಿನ ಪದಸೂಚಿಗಳು ಪೂರ್ಣಾಂಕಗಳ ಮರಗಳನ್ನು ಹೀಗೆಯೇ ಬಳಸುತ್ತವೆ.

ಕ್ರಮ ಎಂದೆ. ಕನ್ನಡದ ಓದುಗರು ಇಲ್ಲಿ ತುಸು ಎಚ್ಚರವಾಗಿರಬೇಕು. ಮರಕ್ಕೆ ಬೇಕಾದದ್ದು ಬದಲಾಗದ ಕ್ರಮ, ಸರಿಯಾದ ಕ್ರಮವಲ್ಲ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಯ ಅಕ್ಷರ. ಯೂನಿಕೋಡ್ ಪಟ್ಟಿಯಲ್ಲಿ ಅದು ‘ಲ’ ಮತ್ತು ‘ವ’ ನಡುವೆ ಕುಳಿತಿದೆ. ಹಾಗಾಗಿ ನಿಘಂಟಿನಲ್ಲಿ ‘ಕವಿ’ಯ ನಂತರ ಬರುವ ‘ಕಳೆ’ ಬಿ-ಟ್ರೀಯಲ್ಲಿ ಮೊದಲೇ ಬರುತ್ತದೆ. ‘ಕವಿ’ಯಿಂದ ‘ಕಳೆ’ಯವರೆಗೆ ಇರುವುದನ್ನು ಕೊಡು ಎಂದರೆ ಮರ ಖಾಲಿ ಕೈ ತೋರಿಸುತ್ತದೆ, ತಪ್ಪು ಎಂದೂ ಹೇಳುವುದಿಲ್ಲ. ವರ್ಣಮಾಲೆಯ ಕ್ರಮ ಬೇಕಿದ್ದರೆ ಪದದ ಬದಲು ಆ ಕ್ರಮವನ್ನು ಹೊತ್ತ ಇನ್ನೊಂದು ರೂಪವನ್ನು ಕೀ ಮಾಡಿಕೊಳ್ಳಬೇಕು. ಇದಕ್ಕಿಂತ ಅಪಾಯದ್ದು ಹೋಲಿಕೆಯ ನಿಯಮವನ್ನೇ ನಡುದಾರಿಯಲ್ಲಿ ಬದಲಾಯಿಸುವುದು. ಆಗ ಹುಡುಕಾಟ ತಪ್ಪು ಕೊಂಬೆಗೆ ಇಳಿಯುತ್ತದೆ. ಸರಕು ಮರದಲ್ಲೇ ಇದ್ದೂ ಇಲ್ಲವೆಂಬ ಉತ್ತರ ಬರುತ್ತದೆ.

ಪೋಸ್ಟ್‌ಗ್ರೆಸ್‌ನಂಥ ಸಂಬಂಧಾತ್ಮಕ ಡೇಟಾಬೇಸ್ ಬಳಸಿದರೆ ಈ ರಗಳೆಯೇ ಇರುವುದಿಲ್ಲವಲ್ಲ ಎನ್ನುವವರಿಗೆ ನನ್ನದು ಅರ್ಧ ಒಪ್ಪಿಗೆ. ಕೋಷ್ಟಕದಂಥ ಮಾಹಿತಿಗೆ ಕೋಷ್ಟಕವೇ ಲೇಸು. ಆದರೆ ಅಲ್ಲಿಯೂ ಇಂಡೆಕ್ಸ್ ಮಾಡು ಎಂದಾಗ, ಬೇರೆ ಏನೂ ಹೇಳದಿದ್ದರೆ, ಹುಟ್ಟುವುದು ಬಿ-ಟ್ರೀಯೇ. ಅಲ್ಲಿ ಸಾಲು ಎಂಬ ತುಂಡನ್ನು ಡೇಟಾಬೇಸ್ ಮೊದಲೇ ಕತ್ತರಿಸಿ ಕೊಟ್ಟಿರುತ್ತದೆ, ಆಬ್ಜೆಕ್ಟ್ ಡೇಟಾಬೇಸಿನಲ್ಲಿ ಕತ್ತರಿ ನಮ್ಮ ಕೈಯಲ್ಲಿದೆ, ಅಷ್ಟೇ ವ್ಯತ್ಯಾಸ.

ನನ್ನ ವಾದಕ್ಕೆ ನಿಜಕ್ಕೂ ಚುಚ್ಚುವ ಆಕ್ಷೇಪ ಬೇರೆಯದು. ಜಗಳದ ತುಂಡನ್ನು ಚಿಕ್ಕದು ಮಾಡಿದಷ್ಟೂ, ಆಗಲೇಬೇಕಿದ್ದ ಜಗಳವೂ ತಪ್ಪಿಹೋಗುತ್ತದೆ. ಶಿಬಿರವೊಂದಕ್ಕೆ 50 ಸೀಟು, 49 ತುಂಬಿವೆ. ಇಬ್ಬರು ಒಂದೇ ಗಳಿಗೆಯಲ್ಲಿ ಅರ್ಜಿ ಹಾಕುತ್ತಾರೆ. ಇಬ್ಬರ ವಹಿವಾಟಿಗೂ ಕಂಡದ್ದು 49; ಇಬ್ಬರೂ ತಂತಮ್ಮ ಹೆಸರನ್ನು ಕೀ ಮಾಡಿ ಸೇರುತ್ತಾರೆ. ಎಲ್ಲರೂ ಒಂದೇ ಡಿಕ್ಷನರಿಯಲ್ಲಿದ್ದರೆ ಎರಡನೆಯವರು ತಿರಸ್ಕೃತರಾಗಿ, ಮತ್ತೆ ಪ್ರಯತ್ನಿಸಿದಾಗ ಭರ್ತಿ ಎಂಬ ಉತ್ತರ ಪಡೆಯುತ್ತಿದ್ದರು. ಮರದಲ್ಲಿ ಹೆಸರುಗಳು ಬೇರೆ ಬೇರೆ, ಬಕೆಟ್ ಖುಷಿಯಿಂದ ರಾಜಿ ಮಾಡಿಸುತ್ತದೆ, ಶಿಬಿರಕ್ಕೆ 51 ಮಂದಿ. ಲೆಂಗ್ತ್ ಕೂಡ ಕಾಪಾಡುವುದಿಲ್ಲ. ಅದು 50 ಕೂಡಿಸು 50, ಕಳೆ 49 ಎಂದು ಲೆಕ್ಕ ಹಾಕಿ 51 ಎಂದು ಪ್ರಾಮಾಣಿಕವಾಗಿ ಬರೆದಿಡುತ್ತದೆ. ಮರವನ್ನು ದೂರಿ ಫಲವಿಲ್ಲ, 50ರ ಮಿತಿಯನ್ನು ಅದಕ್ಕೆ ಯಾರೂ ಹೇಳಿರಲಿಲ್ಲ. ಇಂಥಲ್ಲಿ ಹೆಸರುಗಳು ಮರದಲ್ಲೇ ಇರಲಿ. ಉಳಿದ ಸೀಟಿನ ಸಂಖ್ಯೆಯನ್ನು ಮಾತ್ರ ರಾಜಿಗೆ ಒಪ್ಪದ ಒಂದು ಸಾದಾ ವಸ್ತುವಿನಲ್ಲಿಟ್ಟು, ಸೇರುವ ಪ್ರತಿಯೊಬ್ಬರೂ ಅದನ್ನು ಬದಲಾಯಿಸಿಯೇ ಒಳಗೆ ಹೋಗುವಂತೆ ಬರೆಯಬೇಕು. ಆಗ ಐವತ್ತನೆಯ ಸೀಟಿಗೆ ಬಂದ ಇಬ್ಬರೂ ಆ ಒಂದು ವಸ್ತುವಿನ ಬಾಗಿಲಲ್ಲಿ ಡಿಕ್ಕಿಯಾಗುತ್ತಾರೆ, ಒಬ್ಬರು ಹೊರಗೆ ಉಳಿಯುತ್ತಾರೆ.